ಒಂದು ಕಣ್ಣಿನ ವಂಶಾವಳಿ

ಮಳೆಗಾಲ ಹಿಂದೆ ಸರಿದು ಕಾರ್ತಿಕದ ಎಳೆಬಿಸಿಲು ಹಿತ್ತಿಲಿಗೆ ಇಳಿಯುವ ಹೊತ್ತಿಗೆ, ಗುಲಾಬಿಯ ತೊಗಟೆ ಸಡಿಲಗೊಂಡು, ಚೂರಿಯ ಮೊನೆ ಸೋಕಿದ ಮಾತ್ರಕ್ಕೆ ಒಳಗಿನ ತೇವದ ಮೈಯಿಂದ ಹಗುರಾಗಿ ಬಿಟ್ಟುಕೊಡುವ ಕೆಲವು ವಾರಗಳುಂಟು. ಕಣ್ಣುಕಸಿಯಲ್ಲಿ ಒಲವುಳ್ಳವರಿಗೆ ವರ್ಷದ ಉಳಿದ ದಿನಗಳೆಲ್ಲ ಆ ವಾರಗಳಿಗೆ ಬರೆದ ಪೀಠಿಕೆ. ಮೈಸೂರಿನ ನನ್ನ ಹಿತ್ತಿಲಲ್ಲಿ ನಾನು ಈ ಕಾಲವನ್ನು ಎದುರುನೋಡುವುದು ವಿಶೇಷವಾಗಿ ಒಂದು ಗಿಡದ ನಿಮಿತ್ತ. ಅದರ ಹೆಸರು ‘ರೋಸ್ ಶರ್ಬತ್’. 1962ರಲ್ಲಿ ದೆಹಲಿಯಲ್ಲಿ ಹೊರಬಂದ ತಳಿ. ಗಾಢವಾದ ಗುಲಾಬಿ ವರ್ಣ, ತುಂಬಿದ ದಳಗಳು, ಮತ್ತು ಹೆಸರಿಗೆ ತಕ್ಕ ಪರಿಮಳ.

ಇದನ್ನು ಪಡೆದ ಬೆಂಜಮಿನ್ ಪಿಯರಿ ಪಾಲರು ವೃತ್ತಿಯಿಂದ ಗೋಧಿಯವರು. ಕೇಂಬ್ರಿಜ್ಜಿನಲ್ಲಿ ಗೋಧಿಯ ಸಂಕರವನ್ನು ಅಭ್ಯಸಿಸಿ, 1933ರಲ್ಲಿ ಬಿಹಾರದ ಪೂಸಾದಲ್ಲಿದ್ದ ಕೃಷಿ ಸಂಶೋಧನಾಲಯವನ್ನು ಸೇರಿ, ಮರುವರ್ಷದ ಭೂಕಂಪದಲ್ಲಿ ಅಲ್ಲಿಯ ಕಟ್ಟಡ ಹಾಳಾಗಿ ಸಂಸ್ಥೆಯು 1936ರಲ್ಲಿ ದೆಹಲಿಗೆ ಬಂದಾಗ ತಾವೂ ಅದರೊಡನೆ ಬಂದು, ತುಕ್ಕುರೋಗಕ್ಕೆ ಮಣಿಯದ ಗೋಧಿಯನ್ನು ದಶಕಗಳ ಕಾಲ ಅರಸಿದವರು. 1965ರಲ್ಲಿ ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ಪ್ರಥಮ ಮಹಾನಿರ್ದೇಶಕರಾದವರು. ಗುಲಾಬಿ ಅವರ ವಿರಾಮದ ಪ್ರೀತಿ. ಆದರೆ ಗೋಧಿಯ ಕಿರುಹೂವಿನಿಂದ ಕೇಸರಗಳನ್ನು ಬಿಡಿಸಿ ಬಿಡಿಸಿ ನುರಿತ ಬೆರಳಿಗೆ ಗುಲಾಬಿಯ ಮೊಗ್ಗು ಅಪರಿಚಿತವೆನಿಸಿರಲಾರದು. ಉದರಕ್ಕಾಗಿ ಕಲಿತ ವಿದ್ಯೆ ಘ್ರಾಣಕ್ಕೂ ಒದಗಿತೆಂದೇ ನನ್ನ ಭಾವನೆ. ಈ ದೇಶದ ಬಿಸಿಲಿನಲ್ಲಿ ಗುಲಾಬಿ ಬೆಳೆಸುವವರಿಗೆಂದು ಅವರು ಬರೆದ ‘ದಿ ರೋಸ್ ಇನ್ ಇಂಡಿಯಾ’ 1966ರಲ್ಲಿ ಪ್ರಕಟವಾಯಿತು.

ಹೊಸ ಗುಲಾಬಿಯನ್ನು ಪಡೆಯುವ ಕ್ರಮವನ್ನು ಹೇಳುವುದು ಸುಲಭ, ನಡೆಸುವುದು ಕಷ್ಟ. ಅರೆಬಿರಿದ ಮೊಗ್ಗಿನ ದಳಗಳನ್ನು ಮುಂಜಾನೆ ಬಿಡಿಸಿ, ಪರಾಗ ಚೆಲ್ಲುವ ಮೊದಲೇ ಕೇಸರಗಳನ್ನು ತೆಗೆದು, ಕಾಗದದ ಚೀಲ ತೊಡಿಸಿ, ಶಲಾಕೆಯ ತುದಿ ಜಿಗುಟಾದಾಗ ಬೇರೊಂದು ಹೂವಿನ ಪರಾಗವನ್ನು ಸವರಿ, ಕಾಯಿ ಕೆಂಪಾಗುವತನಕ ತಿಂಗಳುಗಟ್ಟಲೆ ಕಾದು, ಬೀಜಗಳನ್ನು ತಂಪಿನಲ್ಲಿಟ್ಟು ಬಿತ್ತಿದರೆ, ಮೊಳೆತ ಸಸಿಗಳಲ್ಲಿ ಒಂದು ಇನ್ನೊಂದರಂತಿರುವುದಿಲ್ಲ, ತಾಯಿಯಂತೆಯೂ ಇರುವುದಿಲ್ಲ. ಬಹುಪಾಲನ್ನು ಕಿತ್ತೊಗೆಯುವ ಮನೋಧೈರ್ಯವೇ ಈ ವಿದ್ಯೆಯ ಕಠಿನತಮ ಪಾಠ.

‘ರೋಸ್ ಶರ್ಬತ್’ ಇಂತಹ ಒಂದು ಬೀಜಸಸಿ. ಅದರ ತಾಯಿ ‘ಗ್ರೂಸ್ ಆನ್ ತೆಪ್ಲಿಟ್ಸ್’: ‘ತೆಪ್ಲಿಟ್ಸ್ ಊರಿಗೆ ವಂದನೆ’ ಎಂದು ಅದರ ಅರ್ಥ. ಆಸ್ಟ್ರಿಯಾ-ಹಂಗೇರಿಯ ಅರಣ್ಯಾಧಿಕಾರಿ ರುಡಾಲ್ಫ್ ಗೆಶ್ವಿಂಡ್ ಪಡೆದು, 1897ರಲ್ಲಿ ಜರ್ಮನಿಯಿಂದ ಹೊರಬಂದ ಕಡುಗೆಂಪು ಗುಲಾಬಿ. ಮಂದಪ್ರಕಾಶದ ನಾಡುಗಳಲ್ಲಿ ಹುಟ್ಟಿದ ಎಷ್ಟೋ ಹೂಗಳು ನಮ್ಮ ವೈಶಾಖದ ಒಂದೇ ಮಧ್ಯಾಹ್ನಕ್ಕೆ ಅಂಚು ಕರಕಾಗಿ ಕುಗ್ಗುವುದನ್ನು ನೋಡಿ ನೊಂದಿದ್ದೇನೆ. ಈ ಹೂವೊಂದು ಮಾತ್ರ ಬಿಸಿಲಿಗೆ ಬೆದರದೆ ಉತ್ತರ ಭಾರತದಲ್ಲಿ ಹಾರದ ಹೂವಾಗಿ ನೆಲಸಿತು. ಚೀನದ ಗುಲಾಬಿಯ ರಕ್ತ ಅದರಲ್ಲಿ ಹರಿಯುತ್ತಿರುವುದೇ ಇದಕ್ಕೆ ಕಾರಣವಿರಬೇಕು. ಅಂತಹ ತಾಯಿಯ ಸಂತಾನವಾದುದರಿಂದಲೇ ನನ್ನ ಗಿಡ ಬೇಸಗೆಯಲ್ಲಿಯೂ ಗೊಂಚಲು ಬಿಡುತ್ತದೆ.

ಇದಕ್ಕೆ ನಾನು ಬುಡಗಿಡವಾಗಿ ಬಳಸುವುದು ಎಡ್ವರ್ಡ್ ಗುಲಾಬಿಯನ್ನು. ಅದರ ಜನನ ಹಿಂದೂ ಮಹಾಸಾಗರದ ಬೂರ್ಬೋನ್ ದ್ವೀಪದಲ್ಲಿ, ಇಂದಿನ ರೆಯೂನಿಯನ್‌ನಲ್ಲಿ. ಹೊಲದ ಬೇಲಿಗೆಂದು ನೆಟ್ಟ ಚೀನದ ಗುಲಾಬಿಗೂ ಡಮಾಸ್ಕ್ ಗುಲಾಬಿಗೂ ಮನುಷ್ಯನ ಹಂಗಿಲ್ಲದೆ ಆದ ಸಂಕರವದು. 1817ರಲ್ಲಿ ಆ ದ್ವೀಪಕ್ಕೆ ಬಂದ ಬ್ರೆಯೋನ್ ಎಂಬ ಸಸ್ಯಜ್ಞನು ಅದರ ಬೀಜಗಳನ್ನು ಫ್ರಾನ್ಸಿಗೆ ಕಳುಹಿಸಲಾಗಿ, ಅಲ್ಲಿ ಬೂರ್ಬೋನ್ ಗುಲಾಬಿಗಳ ಕುಲವೇ ಹಬ್ಬಿತು. ‘ಗ್ರೂಸ್ ಆನ್ ತೆಪ್ಲಿಟ್ಸ್’ನ ಪೂರ್ವಿಕರಲ್ಲಿಯೂ ಆ ಕುಲದವರಿದ್ದಾರೆ. ಎಂದಮೇಲೆ, ನನ್ನ ಹಿತ್ತಿಲಲ್ಲಿ ಬೇರು ಮತ್ತು ಹೂ ಒಂದರೊಡನೊಂದು ಕೂಡಿಕೊಳ್ಳುವುದು ದೂರದ ದಾಯಾದಿಗಳ ಸಮಾಗಮವೇ ಸರಿ.

ಹೂ ಬಾಡಿದ ಕಡ್ಡಿಯಿಂದ ಎಲೆಯ ತೊಟ್ಟನ್ನು ಮಾತ್ರ ಉಳಿಸಿ ಒಂದು ಕಣ್ಣನ್ನು ಗುರಾಣಿಯ ಆಕಾರದಲ್ಲಿ ಎತ್ತಿ, ಬುಡಗಿಡದ ತೊಗಟೆಯಲ್ಲಿ ಗೀರಿದ ಸೀಳಿನೊಳಕ್ಕೆ ಜಾರಿಸಿ, ಕಣ್ಣು ಮುಚ್ಚದಂತೆ ಬಾಳೆನಾರಿನಿಂದ ಕಟ್ಟುವಾಗ ನನಗೆ ಪ್ರತಿಸಲವೂ ಮೈ ನವಿರೇಳುತ್ತದೆ. ಬೀಜದಲ್ಲಿ ಈ ತಳಿ ಮರುಕಳಿಸದು. ಆದುದರಿಂದ ಎಲ್ಲೆಲ್ಲಿ ‘ರೋಸ್ ಶರ್ಬತ್’ ಅರಳುತ್ತಿದೆಯೋ ಅಲ್ಲೆಲ್ಲ ಇರುವುದು, ದೆಹಲಿಯಲ್ಲಿ ಮೊಳೆತ ಆ ಒಂದೇ ಸಸಿಯ ದೇಹ, ಕಣ್ಣಿನಿಂದ ಕಣ್ಣಿಗೆ, ಕೈಯಿಂದ ಕೈಗೆ ದಾಟಿ ಬಂದದ್ದು. ಪಾಲರು 1989ರಲ್ಲಿ ತೀರಿಕೊಂಡರು. ಅವರು ಆರಿಸಿ ಉಳಿಸಿದ ಮೈಯನ್ನು ನಾನು ಹೆಬ್ಬೆರಳಿನಡಿಯಲ್ಲಿ ಒತ್ತಿ ಹಿಡಿದಿರುತ್ತೇನೆ.

ಕೆಲವು ವರ್ಷಗಳ ಹಿಂದೆ, ದೀರ್ಘಕಾಲ ಊರಲ್ಲಿರದೆ ಮರಳಿ ಬಂದು ನೋಡಿದರೆ, ಬುಡದಿಂದ ಎದ್ದ ಎಡ್ವರ್ಡಿನ ಚಿಗುರು ಆಳೆತ್ತರ ಬೆಳೆದು, ಕಸಿಯ ಭಾಗ ಒಣಗಿ ಹೋಗಿತ್ತು. ಅಂದು ಸಂಜೆಯೆಲ್ಲ ಆ ಗಿಡದ ಬಳಿಯಿಂದ ಏಳಲು ಮನಸ್ಸು ಬರಲಿಲ್ಲ. ಆಮೇಲೆ, ಎಂದೋ ನಾನೇ ಕಸಿಮಾಡಿ ಕೊಟ್ಟಿದ್ದ ಗೆಳೆಯರೊಬ್ಬರ ಮನೆಯಿಂದ ಒಂದು ಗೇಣು ಕಡ್ಡಿಯನ್ನು ಒದ್ದೆಬಟ್ಟೆಯಲ್ಲಿ ಸುತ್ತಿ ತಂದು, ಅದೇ ಎಡ್ವರ್ಡಿನ ಹೊಸ ಕೊಂಬೆಗೆ ಮೂರು ಕಣ್ಣು ಕೂಡಿಸಿದೆ. ಮೂರು ವಾರ ಕಳೆದು ಮುಟ್ಟಿದಾಗ ಎರಡರ ತೊಟ್ಟು ಒಣಗಿ ಅಂಟಿಕೊಂಡಿತ್ತು. ಮೂರನೆಯದು ಬೆರಳು ತಾಗುತ್ತಲೇ ಕಳಚಿ ಬಿತ್ತು, ಅದರಡಿಯಲ್ಲಿ ಕಣ್ಣು ಹಸುರಾಗಿತ್ತು.