ಕಣ್ಣಿಗೂ ಸೂಜಿಗೂ ಎಷ್ಟು ದೂರ

ಧಾರವಾಡ ಬಿಟ್ಟು ಹಳಿಯಾಳದ ದಾರಿ ಹಿಡಿದ ಜೀಪಿನಲ್ಲಿ ಟ್ರಯಲ್ ಲೆನ್ಸುಗಳ ಪೆಟ್ಟಿಗೆ ನನ್ನ ತೊಡೆಯ ಮೇಲಿತ್ತು. ಒಳಗೆ ಇನ್ನೂರಕ್ಕೂ ಹೆಚ್ಚು ದುಂಡು ಗಾಜುಗಳು. ರಸ್ತೆಯಲ್ಲಿ ಗುಂಡಿ ಬಂದಾಗಲೆಲ್ಲ ಎಲ್ಲವೂ ಒಟ್ಟಿಗೆ ಕಿಣಿಗುಡುತ್ತಿದ್ದವು. ಬಿಎಸ್ಸಿ ಆಪ್ಟೊಮೆಟ್ರಿಯ ಮೂರು ವರ್ಷದ ಓದು ಮುಗಿಸಿ, ಒಂದು ವರ್ಷದ ಇಂಟರ್ನ್‌ಶಿಪ್ಪಿಗೆ ಸೇರಿದ್ದೆ. ಬಯಲು ಸರಿದು ತೇಗದ ಮರಗಳು ರಸ್ತೆಯ ಎರಡೂ ಬದಿಗೆ ಬಂದು ನಿಂತವು. ಇನ್ನು ಏಳು ದಿನ ನಾಲ್ಕು ತಾಲ್ಲೂಕುಗಳಲ್ಲಿ ಕಣ್ಣು ಪರೀಕ್ಷೆ.

ನಮ್ಮ ಓದಿನಲ್ಲಿ ಎರಡೇ ದೂರಗಳು. ದೂರದ ನೋಟಕ್ಕೆ 6 ಮೀಟರ್, ಹತ್ತಿರದ ನೋಟಕ್ಕೆ 40 ಸೆಂಟಿಮೀಟರ್. 1862ರಲ್ಲಿ ಹಾಲೆಂಡಿನ ಹರ್ಮನ್ ಸ್ನೆಲೆನ್ ಮಾಡಿದ ಅಕ್ಷರ ಪಟ್ಟಿ ಇಂದಿಗೂ ನಮಗೆ ಆಧಾರ. 6 ಮೀಟರಿನಲ್ಲಿ ಸುಮಾರು 9 ಮಿಲಿಮೀಟರ್ ಎತ್ತರದ ಅಕ್ಷರವನ್ನು ಗುರುತಿಸಿದರೆ ದೃಷ್ಟಿ 6/6. ಪರೀಕ್ಷೆಯಲ್ಲಿ ಇದನ್ನೆಲ್ಲ ಬರೆದು ಒಳ್ಳೆಯ ಅಂಕ ಪಡೆದಿದ್ದೆ. ಹಳಿಯಾಳದ ಹತ್ತಿರದ ಒಂದು ಸಿದ್ದಿ ಊರಿನಲ್ಲಿ, ಮೊದಲ ದಿನವೇ, ಆ 40 ಸೆಂಟಿಮೀಟರ್ ಸಾಲದಾಯಿತು.

ಐವತ್ತು ದಾಟಿದ ತಾಯಿಯೊಬ್ಬರು ಸೂಜಿ, ದಾರ, ಅರ್ಧ ಹೊಲಿದ ಕೌದಿ ಹೊತ್ತುಕೊಂಡೇ ಬಂದಿದ್ದರು. "ದಾರ ಕಾಣ್ತದ, ಸೂಜಿ ಕಣ್ಣು ಕಾಣೂದಿಲ್ಲ" ಎಂದರು. ವಯಸ್ಸಿಗೆ ಹೊಂದುವ ಚಾಳೀಸಿನ ನಂಬರು, ಪ್ಲಸ್ ಎರಡು, ಹಾಕಿದೆ. ಹತ್ತಿರದ ಕಾರ್ಡಿನ ಗುರುತುಗಳೆಲ್ಲ ಕಂಡವು. ದಾರ ಮಾತ್ರ ಸೂಜಿಗೆ ಹೋಗಲಿಲ್ಲ. ಆಗ ನನ್ನ ಹಿರಿಯ ಸಹೋದ್ಯೋಗಿ ಏನೂ ಹೇಳದೆ ಅಳತೆಪಟ್ಟಿ ನನ್ನ ಕೈಗಿತ್ತರು. ಆ ತಾಯಿ ಸೂಜಿ ಹಿಡಿಯುವುದು 30 ಸೆಂಟಿಮೀಟರಿನಲ್ಲಿ! ಮುಕ್ಕಾಲು ನಂಬರು ಏರಿಸಿದೆ. ದಾರದ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಿ ಒಂದೇ ಸಲಕ್ಕೆ ಪೋಣಿಸಿದರು. ಆಮೇಲೆ ಕೌದಿ ಬಿಡಿಸಿ ತೋರಿಸಿದರು. ಸಿದ್ದಿಗಳ ಕೌದಿ ಅಂಚಿನಿಂದ ಶುರುವಾಗಿ ಸುತ್ತುತ್ತ ನಡುವಿಗೆ ಬರುತ್ತದೆ. ನಾಲ್ಕು ಮೂಲೆಗೆ ಬಟ್ಟೆಯ ಹೂವು ಇಡದೆ ಅದು ಮುಗಿದಂತಲ್ಲ. ಹಳೇ ಸೀರೆಯ ಚೂರುಗಳ ಮೇಲೆ ಓಡಿದ ಆ ಬಿಳಿ ಹೊಲಿಗೆಯ ಸಾಲು ಎಷ್ಟು ಸಮವಾಗಿತ್ತೆಂದರೆ, ನಾನು ಬಹಳ ಹೊತ್ತು ಬೆರಳಾಡಿಸುತ್ತ ಕೂತೆ.

ದಾಂಡೇಲಿಯಲ್ಲಿ ಒಂದೇ ದಿನ. ಪೇಪರ್ ಮಿಲ್ಲಿನ ಊರು. ಕಾಳಿ ನದಿಯ ದಡದಲ್ಲಿ ಆರು ದಶಕ ಮೀರಿ ಇಲ್ಲಿ ಕಾಗದ ತಯಾರಾಗುತ್ತಿದೆ. ನನ್ನ ನೋಟ್‌ಬುಕ್ಕಿನ ಹಾಳೆ ಇಲ್ಲಿಯದೇ ಇರಬಹುದೇ ಎಂದು ಅಂಚು ಮೂಸಿ ನೋಡಿದೆ.

ಅಲ್ಲಿಂದ ಗಣೇಶಗುಡಿಯ ಮೇಲೆ ಜೋಯಿಡಾ. ಕಾಳಿ ಹುಟ್ಟುವುದು ಇದೇ ತಾಲ್ಲೂಕಿನ ಡಿಗ್ಗಿಯಲ್ಲಿ. ಸೂಪಾದಲ್ಲಿ 101 ಮೀಟರ್ ಎತ್ತರದ ಅಣೆಕಟ್ಟು ಅದನ್ನು ತಡೆದು ನಿಲ್ಲಿಸಿದೆ. ನಾವು ಹೊರಟಾಗ ತಡವಾಗಿತ್ತು, ಕತ್ತಲಾಯಿತು. ತಿರುವೊಂದರಲ್ಲಿ ಚಾಲಕ ಥಟ್ಟನೆ ಜೀಪು ನಿಲ್ಲಿಸಿದ. ಹೆಡ್‌ಲೈಟಿನ ಅಂಚಿನಲ್ಲಿ, ಪೊದೆಗಳ ನಡುವೆ, ಹಸಿರು ಹಳದಿ ಬೆಳಕಿನ ಜೋಡಿ ಚುಕ್ಕೆಗಳು. ಎರಡು, ನಾಲ್ಕು, ಹತ್ತು. ಜಿಂಕೆಗಳ ಹಿಂಡು. ಯಾರೂ ಉಸಿರೆತ್ತಲಿಲ್ಲ.

ಜಿಂಕೆಯ ರೆಟಿನಾದ ಹಿಂದೆ ಕನ್ನಡಿಯಂಥ ಒಂದು ಪದರವಿದೆ, ಟೇಪಿಟಮ್. ಒಳಗೆ ಹೋದ ಬೆಳಕು ಹಿಡಿತಕ್ಕೆ ಸಿಗದಿದ್ದರೆ ಅದು ಮತ್ತೊಮ್ಮೆ ರೆಟಿನಾಕ್ಕೆ ಮರಳಿಸುತ್ತದೆ. ಹೀಗಾಗಿ ಕಾಡಿನ ರಾತ್ರಿಯ ಮಂದ ಬೆಳಕಲ್ಲೂ ಅವಕ್ಕೆ ದಾರಿ ಕಾಣುತ್ತದೆ. ನಮಗೆ ಆ ಕನ್ನಡಿ ಇಲ್ಲ. ನಮ್ಮ ಕಣ್ಣಿನಾಳದಿಂದ ಮರಳುವುದು ರಕ್ತನಾಳಗಳ ಬಣ್ಣ ಹೊತ್ತ ಕೆಂಪು ಬೆಳಕು. ಆ ಕೆಂಪು ನಾನು ಕಲಿತ ವಿದ್ಯೆಯ ತಾಯಿಬೇರು.

ಮರುದಿನ ಶಾಲೆಯಲ್ಲಿ ಅದನ್ನೇ ನೋಡಿದೆ. ಮಕ್ಕಳ ಮನೆಮಾತು ಕೊಂಕಣಿ, ಮರಾಠಿ, ಕನ್ನಡ ಹೀಗೆ ಹಲವು. ಆದರೆ ನಮ್ಮ 'ಇ' ಕಾರ್ಡಿಗೆ ಭಾಷೆ ಬೇಡ. ಮೂರು ಕಾಲುಗಳು ಯಾವ ಕಡೆಗಿವೆ ಎಂದು ಬೆರಳಲ್ಲಿ ತೋರಿಸಿದರೆ ಸಾಕು. ಆರು ಮೀಟರ್ ಕೋಣೆ ಸಿಗಲಿಲ್ಲ, ಜಗಲಿಯಲ್ಲಿ ಅಳೆದು ಸುಣ್ಣದ ಗೆರೆ ಹಾಕಿದೆವು. ಒಂಬತ್ತು ವರ್ಷದ ಒಬ್ಬ ಕುಣಬಿ ಹುಡುಗಿ ಎಲ್ಲಕ್ಕಿಂತ ದೊಡ್ಡ ಗುರುತಿಗೂ ಬೆರಳೆತ್ತಲಿಲ್ಲ.

ಅವಳನ್ನು ಕತ್ತಲೆ ಕೋಣೆಯಲ್ಲಿ ಕೂರಿಸಿ, 66 ಸೆಂಟಿಮೀಟರ್ ದೂರದಿಂದ ರೆಟಿನೋಸ್ಕೋಪಿನ ಬೆಳಕಿನ ಪಟ್ಟಿಯನ್ನು ಕಣ್ಣೊಳಗೆ ಬಿಟ್ಟೆ. ಪಾಪೆಯೊಳಗೆ ಕೆಂಡದ ಬಣ್ಣ ಹೊತ್ತಿಕೊಂಡಿತು. ನಾನು ಪಟ್ಟಿಯನ್ನು ಬಲಕ್ಕೆ ಸರಿಸಿದರೆ ಕೆಂಡ ಎಡಕ್ಕೆ ಓಡಿತು. ಸಮೀಪದೃಷ್ಟಿ. ಮೈನಸ್ ಒಂದು ಹಿಡಿದೆ, ಇನ್ನೂ ಓಡುತ್ತಿತ್ತು. ಒಂದೂವರೆ, ಓಟ ಚುರುಕಾಯಿತು. ಎರಡಕ್ಕೆ ಓಟ ನಿಂತು ಪಾಪೆ ತುಂಬ ಒಂದೇ ಬೆಳಕು. ಕಾಲೇಜಿನಲ್ಲಿ ರಟ್ಟಿನ ಕೊಳವೆಯ ನಕಲಿ ಕಣ್ಣಿನ ಮೇಲೆ ರಾತ್ರಿಗಟ್ಟಲೆ ಕಲಿತದ್ದು, ಈಗ ಉಸಿರಾಡುವ ಮಗುವೊಂದರ ಕಣ್ಣಲ್ಲಿ ಸಂಭವಿಸಿತ್ತು. ನನ್ನ ಕೈ ಸಣ್ಣಗೆ ನಡುಗಿತು. ನಾನು ಕೂತ ದೂರದ ಲೆಕ್ಕಕ್ಕೆ ಒಂದೂವರೆ ಕಳೆದರೆ ಮೈನಸ್ ಮೂರೂವರೆ. ಒಂದನ್ನು ಮೂರೂವರೆಯಿಂದ ಭಾಗಿಸಿದರೆ ಸುಮಾರು 29 ಸೆಂಟಿಮೀಟರ್. ಒಂದು ಗೇಣು, ಮೇಲೆ ನಾಲ್ಕು ಬೆರಳು. ಆ ಹುಡುಗಿಗೆ ಜಗತ್ತು ನಿಚ್ಚಳವಾಗಿ ಕಾಣುತ್ತಿದ್ದದ್ದು ಅಷ್ಟು ದೂರದವರೆಗೆ ಮಾತ್ರ.

ಮಕ್ಕಳಿಗೆ ಹನಿ ಹಾಕಿ ಮತ್ತೊಮ್ಮೆ ನೋಡದೆ ಕನ್ನಡಕ ಬರೆಯುವುದಿಲ್ಲ. ಆದರೂ ಟ್ರಯಲ್ ಫ್ರೇಮಿನಲ್ಲಿ ಗಾಜು ಹಾಕಿ ಅವಳನ್ನು ಜಗಲಿಗೆ ಕರೆತಂದೆ. ಅಂಗಳದ ಆಚೆಯ ಮತ್ತಿ ಮರವನ್ನು ನೋಡುತ್ತ ನಿಂತಳು. ಮತ್ತಿಯ ತೊಗಟೆ ಮೊಸಳೆಯ ಬೆನ್ನಿನ ಹಾಗೆ ಚೌಕ ಚೌಕವಾಗಿ ಸೀಳಿರುತ್ತದೆ. "ಮರ ಒಡದೈತಿ" ಎಂದಳು, ಗಾಬರಿಯಿಂದ. ಅದು ಮೊದಲಿನಿಂದಲೂ ಹಾಗೇ ಇದೆ ಎಂದು ಅವಳ ಗೆಳತಿ ತಿಳಿಸಿದಳು. ಹುಡುಗಿ ಓಡಿ ಹೋಗಿ ತೊಗಟೆ ಮುಟ್ಟಿ ಮತ್ತೆ ಗೆರೆಯ ಬಳಿಗೆ ಬಂದು ನಿಂತಳು, ಅಲ್ಲಿಂದಲೂ ಕಾಣುತ್ತದೆಯೇ ಎಂದು ನೋಡಲು.

ಕೊನೆಯ ಎರಡು ದಿನ ಯಲ್ಲಾಪುರ ದಾಟಿ ಮುಂಡಗೋಡ. ಟಿಬೆಟಿನಿಂದ ಬಂದವರು 1966ರಿಂದ ಇಲ್ಲಿ ನೆಲೆಸಿದ್ದಾರೆ. ಗಾಂದೆನ್, ಡ್ರೆಪುಂಗ್ ಮಠಗಳ ಚಿನ್ನದ ಬಣ್ಣದ ಛಾವಣಿಗಳು ಮೆಕ್ಕೆಜೋಳದ ಹೊಲಗಳ ನಡುವಿನಿಂದ ಎದ್ದು ನಿಲ್ಲುತ್ತವೆ. ವಯಸ್ಸಾದ ಭಿಕ್ಷುವೊಬ್ಬರು ತಮ್ಮ ಹಳೇ ಚಾಳೀಸು ತೋರಿಸಿ, ಇದರಿಂದ ಓದಿದರೆ ಕುತ್ತಿಗೆ ನೋಯುತ್ತದೆ ಎಂದರು. ಅದರ ನಂಬರು ಪ್ಲಸ್ ಎರಡೂವರೆ, ನನ್ನ ಪುಸ್ತಕದ 40 ಸೆಂಟಿಮೀಟರಿಗೆ ಒಪ್ಪುವಂಥದ್ದು. ಈ ಸಲ ಯಾರೂ ಅಳತೆಪಟ್ಟಿ ಕೊಡಬೇಕಾಗಲಿಲ್ಲ. ನೀವು ಓದುವ ಹಾಗೇ ಕೂತು ತೋರಿಸಿ ಎಂದೆ. ಅವರು ಚಕ್ಕಳಮಕ್ಕಳ ಹಾಕಿ ಬೆನ್ನು ನೆಟ್ಟಗೆ ಮಾಡಿ ಕೂತರು. ಮುಂದೆ ಗಿಡ್ಡ ಮೇಜು, ಅದರ ಮೇಲೆ ಹಳದಿ ಬಟ್ಟೆ ಬಿಚ್ಚಿ ಇಟ್ಟ ಉದ್ದನೆಯ ಬಿಡಿ ಹಾಳೆಗಳ ಗ್ರಂಥ. ಹುಬ್ಬಿನಿಂದ ಹಾಳೆಗೆ 58 ಸೆಂಟಿಮೀಟರ್. ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಅದೇ ಪುಟದಲ್ಲಿ ಮೇಲೆ 30, ಅದರ ಕೆಳಗೆ 29.

ಪ್ಲಸ್ ಒಂದೂ ಮುಕ್ಕಾಲು ಹಾಕಿದೆ. ಅವರು ಬಗ್ಗಲಿಲ್ಲ. ತುಟಿ ಅಲುಗಿತು, ಆಮೇಲೆ ದನಿ ಬಂತು. ಓದಿದ ಹಾಳೆಯನ್ನು ಎರಡೂ ಕೈಯಲ್ಲಿ ಎತ್ತಿ, ತಮ್ಮಿಂದ ಆಚೆಗೆ ಮೆಲ್ಲಗೆ ಮಗುಚಿಟ್ಟು, ಮುಂದಿನದಕ್ಕೆ ಹೋದರು.