ಸಹಿ ಮಾತ್ರ ಹಾಕಬೇಡ ಅಕ್ಕ

ಶಿವಮೊಗ್ಗ

ಪ್ರೀತಿಯ ಅಕ್ಕನಿಗೆ ತಮ್ಮನ ನಮಸ್ಕಾರ.

ಪುಟ್ಟ ನಿನ್ನೆ ರಾತ್ರಿ ಫೋನ್ ಮಾಡಿ ಎಲ್ಲ ಹೇಳಿದ. ಭಾವನ ವೈಕುಂಠ ಸಮಾರಾಧನೆಯ ಎಲೆ ಎತ್ತುವ ಮೊದಲೇ ಫೈನಾನ್ಸಿನ ಹುಡುಗರಿಬ್ಬರು ಬಂದು ಜಗಲಿಯ ಮೇಲೆ ಕೂತರಂತೆ. ನೆಂಟರೆಲ್ಲ ಕೇಳುವ ಹಾಗೆ "ಗಂಡನ ಸಾಲ ಹೆಂಡತಿ ತೀರಿಸದೆ ಇನ್ಯಾರು ತೀರಿಸ್ತಾರೆ? ಅವರ ಆತ್ಮಕ್ಕೆ ಶಾಂತಿ ಬೇಡ್ವಾ?" ಅಂದರಂತೆ. ನೀನು ಮರುಮಾತಾಡದೆ ಒಳಗೆ ಹೋಗಿ ಕಿವಿಯ ಓಲೆ ಬಿಚ್ಚತೊಡಗಿದೆಯಂತೆ. ಪುಟ್ಟ ತಡೆದಿದ್ದಕ್ಕೆ ಸರಿಹೋಯಿತು. ಆ ಓಲೆ ಮದುವೆಯಲ್ಲಿ ಅಪ್ಪ ಕೊಟ್ಟದ್ದು. ಅದು ಸ್ತ್ರೀಧನ, ಭಾವನ ಸಾಲಕ್ಕೂ ಅದಕ್ಕೂ ಸಂಬಂಧವೇ ಇಲ್ಲ.

ನಾನು ಇಷ್ಟು ವರ್ಷ ಬ್ಯಾಂಕಿನಲ್ಲಿ ಸಾಲದ ಮೇಜಿನ ಆಚೆ ಕೂತವನು. ವಸೂಲಿಯವರು ಯಾಕೆ ಇಷ್ಟು ಅವಸರ ಮಾಡುತ್ತಾರೆ ಅಂತ ಬಲ್ಲೆ. ದುಡ್ಡಿಗಿಂತ ಮೊದಲು ಅವರಿಗೆ ಬೇಕಿರುವುದು ನಿನ್ನ ಸಹಿ. "ಏನಿಲ್ಲಮ್ಮ, ನಾವು ಬಂದು ಹೋಗಿದ್ದಕ್ಕೆ ಒಂದು ಗುರುತು" ಅಂತ ಕಾಗದ ಮುಂದಿಡುತ್ತಾರೆ. ಉಳಿದ ಕಂತೆಲ್ಲ ನಾನೇ ಕಟ್ಟುತ್ತೇನೆ ಅಂತ ಅದರಲ್ಲಿ ಬರೆದಿರಬಹುದು. ಅಲ್ಲಿಯವರೆಗೆ ಸಾಲ ಭಾವನದು, ಸಹಿ ಬಿದ್ದ ಮೇಲೆ ನಿನ್ನದು. ಹಳೆಯ ಪ್ರೋನೋಟಿನ ಕಥೆಯೂ ಅಷ್ಟೇ. ಮೂರು ವರ್ಷ ಕಳೆದು ವಾಯಿದೆ ಮೀರಿದ ಸಾಲವನ್ನೂ ತೀರಿಸುತ್ತೇನೆಂದು ಬರೆದು ಸಹಿ ಹಾಕಿಕೊಟ್ಟರೆ ಅದಕ್ಕೆ ಮತ್ತೆ ಜೀವ ಬರುತ್ತದೆ. ಅದಕ್ಕೇ ಯಾರು ಬಂದರೂ ನೀನು ಹೇಳಬೇಕಾದದ್ದು ಒಂದೇ ಮಾತು: "ಸಾಲದ ಪತ್ರದ ನಕಲು, ಬಾಕಿಯ ಲೆಕ್ಕ ಕೊಟ್ಟು ಹೋಗಿ. ನನ್ನ ತಮ್ಮ ನೋಡಿ ಉತ್ತರ ಬರೀತಾನೆ."

ಸಾಲ ಮನುಷ್ಯನ ಜೊತೆಗೆ ಹೋಗುವುದಿಲ್ಲ, ಅದು ನಿಜ. ಆದರೆ ಅದು ಹಿಡಿದುಕೊಳ್ಳುವುದು ಅವರು ಬಿಟ್ಟುಹೋದ ಆಸ್ತಿಯನ್ನು, ನಿನ್ನನ್ನಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 50ನೇ ಸೆಕ್ಷನ್ ಹೇಳುವುದು ಇದನ್ನೇ: ಸತ್ತವರ ಆಸ್ತಿಯಲ್ಲಿ ವಾರಸುದಾರರ ಕೈಗೆ ಎಷ್ಟು ಬಂದಿದೆಯೋ ಅಷ್ಟಕ್ಕೆ ಮಾತ್ರ ಅವರು ಹೊಣೆ. ಭಾವನಿಂದ ಬಂದದ್ದು ಎರಡು ಲಕ್ಷ, ಸಾಲ ಐದು ಲಕ್ಷ ಅಂತಿಟ್ಟುಕೋ. ಉಳಿದ ಮೂರು ಲಕ್ಷ ಕೊಟ್ಟವನ ನಷ್ಟ. ಆದ್ದರಿಂದ ಅವರ ಬೈಕನ್ನು ಈಗಲೇ ಯಾರಿಗೂ ಮಾರಬೇಡ, ಅವರ ಎಟಿಎಂ ಕಾರ್ಡು ಉಜ್ಜಬೇಡ. ತಿಥಿಯ ಖರ್ಚಿನ ಚೀಟಿಯನ್ನೂ ಸೇರಿಸಿ ಎಲ್ಲದಕ್ಕೂ ಲೆಕ್ಕ ಬರೆದಿಡು.

"ಅಪ್ಪನ ಸಾಲ ಮಗ ತೀರಿಸಲೇಬೇಕು" ಅಂತ ಪುಟ್ಟನನ್ನೂ ಹೆದರಿಸಿದರಂತೆ. ಒಂದು ಕಾಲಕ್ಕೆ ಹಿಂದೂ ಕಾನೂನು ಹಾಗೇ ಹೇಳುತ್ತಿತ್ತು, ಅದನ್ನು ಮಗನ ಧಾರ್ಮಿಕ ಹೊಣೆ ಅನ್ನುತ್ತಿದ್ದರು. ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿ ಬಂದು, 2005ರ ಸೆಪ್ಟೆಂಬರ್ 9ರಿಂದೀಚೆಗೆ ಮಾಡಿದ ಸಾಲಕ್ಕೆ ಆ ಹೊಣೆ ನಡೆಯುವುದಿಲ್ಲ. ಭಾವನ ಸಾಲಗಳೆಲ್ಲ ಈಚಿನವು. ಪುಟ್ಟ ನೆಮ್ಮದಿಯಾಗಿ ಕಾಲೇಜಿಗೆ ಹೋಗಲಿ.

ಹಾಗಂತ ಎಲ್ಲದಕ್ಕೂ ಕೈ ಎತ್ತುವಂತಿಲ್ಲ. ಜಾಮೀನು ಅಂತಲೋ, ಜೊತೆ ಸಾಲಗಾರಳು ಅಂತಲೋ ನೀನು ಮೊದಲೇ ಸಹಿ ಹಾಕಿದ್ದರೆ ಆ ಸಾಲಕ್ಕೆ ನೀನೂ ಬಾಧ್ಯಳೇ. ಅಡವಿಟ್ಟ ಬಂಗಾರ ಬಿಡಿಸದಿದ್ದರೆ ಹರಾಜಾಗುತ್ತದೆ. ನಿನ್ನ ಹೆಸರಲ್ಲಿ ತೆಗೆದ ಸಂಘದ ಸಾಲ ನಿನ್ನದೇ. ಆದರೆ ಅಲ್ಲೊಂದು ವಿಷಯ ಕೇಳು: ಅಂಥ ಸಾಲ ಕೊಡುವಾಗ ಗಂಡ ಹೆಂಡತಿ ಇಬ್ಬರ ಹೆಸರಿಗೂ ವಿಮೆಯ ದುಡ್ಡು ಮುರಿದುಕೊಳ್ಳುವುದುಂಟು. ಮುರಿದಿದ್ದರೆ ಬಾಕಿಯನ್ನು ವಿಮೆಯಿಂದಲೇ ತುಂಬಿಸಿಕೊಳ್ಳಬಹುದು. ನಾವು ಬಾಯಿಬಿಟ್ಟು ಕೇಳದಿದ್ದರೆ ಅವರಾಗಿ ಹೇಳುತ್ತಾರೆ ಅಂತ ಭರವಸೆಯಿಲ್ಲ.

ಇನ್ನು ಟ್ರಂಕಿನಲ್ಲಿರುವ ಭಾವನ ಪಾಸ್‌ಬುಕ್ ತೆಗೆದು ಮೇ, ಜೂನ್ ತಿಂಗಳ ಸಾಲುಗಳನ್ನು ಪುಟ್ಟನಿಂದ ಓದಿಸು. 436 ರೂಪಾಯಿ ಕಳೆದಿದ್ದರೆ ಅದು ಪ್ರಧಾನ ಮಂತ್ರಿ ಜೀವನ್ ಜ್ಯೋತಿ ವಿಮೆ, ನಾಮಿನಿಗೆ 2 ಲಕ್ಷ ಬರುತ್ತದೆ. ಭಾವನಿಗೆ ಐವತ್ತೈದು ತುಂಬಿರಲಿಲ್ಲವಲ್ಲ, ವಯಸ್ಸಿನ ಅಡ್ಡಿಯೂ ಇಲ್ಲ. ಕಾರ್ಖಾನೆಯ ಪಿಎಫ್‌ಗೆ ನಿನ್ನನ್ನೇ ನಾಮಿನಿ ಮಾಡಿದ್ದರು. ಆ ದುಡ್ಡು ಸತ್ತವರ ಯಾವ ಸಾಲಕ್ಕೂ ಸಿಕ್ಕದೆ ನಾಮಿನಿಗೆ ಸೇರಬೇಕು ಅಂತ 1952ರ ಪಿಎಫ್ ಕಾಯ್ದೆಯಲ್ಲೇ ಇದೆ. "ಪಿಎಫ್ ಬಂದ ಕೂಡಲೇ ಕೊಡಿ" ಅಂತ ಯಾರಾದರೂ ಕಾದು ಕೂತಿದ್ದರೆ ಕಾಯಲಿ ಬಿಡು. ಮನೆಯ ಪಾತ್ರೆ ಹಾಸಿಗೆ ಹೊತ್ತೊಯ್ಯುತ್ತೇವೆ ಅನ್ನುವುದೂ ಬರೀ ಬೆದರಿಕೆ. ಉಟ್ಟ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ ಹೊದಿಕೆಯನ್ನು ಕೋರ್ಟೂ ಜಪ್ತಿ ಮಾಡುವಂತಿಲ್ಲ.

ಭಾವನ ಸಹಿಯಿರುವ ಖಾಲಿ ಚೆಕ್ ತೋರಿಸಿ ಜೈಲಿನ ಮಾತಾಡಿದ್ದಾನಲ್ಲ ಆ ಬಡ್ಡಿಯವ, ಅವನಿಗೆ ಹೆದರಬೇಡ. ಚೆಕ್ ಬೌನ್ಸ್ ಕೇಸು ಸಹಿ ಹಾಕಿದವರ ಮೇಲೆ ನಡೆಯುವಂಥದ್ದು, ಅವರ ಹೆಂಡತಿ ಮಕ್ಕಳ ಮೇಲಲ್ಲ. ಫೈನಾನ್ಸಿನವರು ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ಮೇಲೆ ಫೋನ್ ಮಾಡಬಾರದು, ಮನೆಯವರನ್ನು ಅವಮಾನಿಸಬಾರದು ಅಂತ 2022ರಲ್ಲೇ ರಿಸರ್ವ್ ಬ್ಯಾಂಕ್ ಹೇಳಿದೆ. ಮೊದಲು ಆ ಕಂಪನಿಗೇ ಲಿಖಿತ ದೂರು ಕೊಡೋಣ. 30 ದಿನದಲ್ಲಿ ಸರಿಯಾದ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಬರೆಯೋಣ, ಅದಕ್ಕೆ ಶುಲ್ಕವಿಲ್ಲ. ಬಲವಂತದ ವಸೂಲಿ ತಡೆಯಲು ನಮ್ಮ ರಾಜ್ಯ 2025ರಲ್ಲಿ ತಂದ ಕಾನೂನಿನಲ್ಲಿ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡವಿದೆ. ಪುಟ್ಟ ಫೋನಿನ ಮಾತು ರೆಕಾರ್ಡ್ ಮಾಡಿ, ಬಂದವರ ಹೆಸರು, ಹೊತ್ತು ಬರೆದಿಡಲಿ.

ಇಷ್ಟೆಲ್ಲ ಓದಿ ತಮ್ಮ ಸಾಲ ಮುಳುಗಿಸುವುದನ್ನು ಕಲಿಸುತ್ತಿದ್ದಾನೆ ಅಂದುಕೊಳ್ಳಬೇಡ. ನಿನ್ನ ಸ್ವಭಾವ ನನಗೆ ಗೊತ್ತು, ಒಬ್ಬರದ್ದು ಒಂದು ರೂಪಾಯಿ ಇಟ್ಟುಕೊಂಡರೂ ನಿನಗೆ ನಿದ್ದೆ ಬಾರದು. ಆದರೆ ಗದ್ದಲ ಮಾಡಿದವರಿಗೆಲ್ಲ ಮೊದಲು ಕೊಟ್ಟು ಮುಗಿಸಿದರೆ ಸುಮ್ಮನಿದ್ದವರಿಗೆ ಏನೂ ಉಳಿಯುವುದಿಲ್ಲ. ಮೂಲೆ ಅಂಗಡಿಯವರ ಉದ್ರಿ ಪುಸ್ತಕದಲ್ಲಿ ಭಾವನ ಬಾಕಿ ಇದೆ. ಅವರು ಕಾರ್ಯದ ದಿನ ಅಕ್ಕಿ ಬೆಲ್ಲ ಹೊತ್ತು ತಂದು ಇಳಿಸಿ, ಬಾಕಿಯ ಮಾತೇ ಎತ್ತದೆ ಹೋದರು. ಯಾರಿಗೆ ಎಷ್ಟು, ಯಾವಾಗ ಅನ್ನುವುದನ್ನು ಲೆಕ್ಕ ಮುಂದಿಟ್ಟುಕೊಂಡು ನಾವು ತೀರ್ಮಾನಿಸೋಣ, ಜಗಲಿಯ ಮೇಲೆ ಕೂತವರಲ್ಲ. ಆಸ್ತಿಗೆ ಮೀರಿ ನಿನ್ನ ಕೈಯಿಂದ ಕೊಡಬೇಕೆನಿಸಿದರೆ ಆಗ ಕೊಡು, ನಾನು ಬೇಡ ಅನ್ನುವುದಿಲ್ಲ.

ಮರಣ ಪ್ರಮಾಣಪತ್ರದ ಪ್ರತಿಗಳನ್ನು ಜಾಸ್ತಿಯೇ ತೆಗೆಸಿಡು, ಹೋದಲ್ಲೆಲ್ಲ ಒಂದೊಂದು ಕೇಳುತ್ತಾರೆ. ವಂಶವೃಕ್ಷಕ್ಕೆ ನಾಡಕಚೇರಿಯಲ್ಲಿ ಪುಟ್ಟ ಅರ್ಜಿ ಕೊಟ್ಟಿರಲಿ, ಮುಂದೆ ಜಮೀನಿನ ಪೌತಿ ಖಾತೆಗೂ ಅದು ಬೇಕು. ಭಾನುವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ಸೋಮವಾರ ರಜೆ ಹಾಕಿದ್ದೇನೆ, ಇಬ್ಬರೂ ಬ್ಯಾಂಕಿಗೆ ಹೋಗಿ ಬರೋಣ. ಅಷ್ಟರೊಳಗೆ ಯಾರಾದರೂ ಬಂದರೆ ನೀರು ಕೊಡು, ಪೆನ್ನು ಹಿಡಿಯಬೇಡ.

ಹೊತ್ತು ಹೊತ್ತಿಗೆ ಊಟ ಮಾಡು.

ನಿನ್ನ ಪ್ರೀತಿಯ
ತಮ್ಮ