ಹಾಡು ಉಳಿಯಿತು, ಟೇಪು ಸಿಗಲಿಲ್ಲ

ರೀಮಿಕ್ಸ್ ಎಂದರೆ ಮೂಗು ಮುರಿಯುವ ತಂದೆತಾಯಂದಿರೂ, ಅದಕ್ಕೇ ಕುಣಿಯುವ ಮಕ್ಕಳೂ ಇಂಗ್ಲೆಂಡಿನ 'ದ ಕ್ಯೂರ್' ರಾಕ್ ತಂಡದ ಪ್ರಸಂಗವನ್ನು ಕೇಳಬೇಕು. 1990ರಲ್ಲಿ ಈ ತಂಡ ತನ್ನ ಹಿಂದಿನ ಜನಪ್ರಿಯ ಹಾಡುಗಳನ್ನು ಕುಣಿತಕ್ಕೆ ಒಗ್ಗಿಸಿ 'ಮಿಕ್ಸ್ಡ್ ಅಪ್' ಎಂಬ ಆಲ್ಬಮ್ ಹೊರತಂದಿತು. ವಿಷಾದದ ಹಾಡುಗಳಿಗೆ ಹೆಸರಾದವರು ಜನರನ್ನು ಕುಣಿಸಲು ಹೊರಟದ್ದೇ ಒಂದು ಸೋಜಿಗ!

ರೀಮಿಕ್ಸ್ ಎಂದರೆ ಹಳೆಯ ಕ್ಯಾಸೆಟ್ಟಿನ ಮೇಲೆ ಡೋಲು ಬಾರಿಸುವುದಲ್ಲ. ಸ್ಟುಡಿಯೋದ ಅಗಲವಾದ ಕಾಂತೀಯ ಟೇಪಿನಲ್ಲಿ ಗಾಯನ, ಗಿಟಾರು, ಡ್ರಮ್ಮು ಅಕ್ಕಪಕ್ಕದ ಪಟ್ಟಿಗಳಲ್ಲಿ ಬೇರೆ ಬೇರೆಯಾಗಿ ದಾಖಲಾಗಿರುತ್ತವೆ. ಒಂದನ್ನು ತಗ್ಗಿಸಿ, ಇನ್ನೊಂದನ್ನು ಏರಿಸಿ, ಮತ್ತೊಂದನ್ನು ಕೈಬಿಟ್ಟು ಹೊಸದಾಗಿ ಬೆರೆಸುತ್ತಾರೆ. ಆಗಲೇ ಬೆರೆತು ಮಾರಾಟಕ್ಕೆ ಬಂದ ಹಾಡಿನಿಂದ ಆಗ ಇದು ಸಾಧ್ಯವಿರಲಿಲ್ಲ. ಬಿಸಿಬೇಳೆಬಾತಿನಿಂದ ಬೇಳೆಯನ್ನು ಹೆಕ್ಕಲಾದೀತೇ?

ತೊಡಕು ಬಂದದ್ದೇ ಇಲ್ಲಿ. 1980ರ 'ಎ ಫಾರೆಸ್ಟ್', 1983ರ 'ದ ವಾಕ್' ಹಾಡುಗಳ ಮೂಲ ಟೇಪುಗಳು ಸಿಗಲಿಲ್ಲ. ಹಾಡು ಅಭಿಮಾನಿಗಳ ಮನೆಗಳಲ್ಲಿತ್ತು. ಅದರ ಬಿಡಿ ಧ್ವನಿಗಳು ಮಾತ್ರ ಇಲ್ಲ. ಕೊನೆಗೆ ಎರಡನ್ನೂ ಮೊದಲಿನಿಂದ ನುಡಿಸಿ, ಹಾಡಿ ಮುದ್ರಿಸಬೇಕಾಯಿತು. ಫಲಿತಾಂಶವನ್ನಷ್ಟೇ ರೆಕಾರ್ಡ್ ಪುಸ್ತಕಕ್ಕೆ ಇಳಿಸಿ, ಅಳತೆಗಳ ಚೀಟಿಯನ್ನು ಎಸೆಯುವ ವಿದ್ಯಾರ್ಥಿಗಳಿಗೆ ಈ ಪಾಡು ಹೊಸದಲ್ಲ!

ಈಗ ಬೆರೆತ ಧ್ವನಿಗಳನ್ನೂ ಕಂಪ್ಯೂಟರು ಬಹುಮಟ್ಟಿಗೆ ಬೇರ್ಪಡಿಸುತ್ತದೆ. 2023ರಲ್ಲಿ ಹಳೆಯ ಕ್ಯಾಸೆಟ್ಟೊಂದರ ಪಿಯಾನೋದಿಂದ ಜಾನ್ ಲೆನನ್ ಅವರ ದನಿಯನ್ನು ಬಿಡಿಸಿ ಬೀಟಲ್ಸ್ ತಂಡದ ಹಾಡನ್ನು ಪೂರ್ಣಗೊಳಿಸಿದರು. ಕ್ಯೂರ್ ತಂಡದ ಗಾಯಕ ರಾಬರ್ಟ್ ಸ್ಮಿತ್ ಅವರಿಗೂ ಈ ಕೆಲಸದ ರುಚಿ ಆರಿರಲಿಲ್ಲ; 2018ರಲ್ಲಿ ಮತ್ತೆ 16 ಹಾಡುಗಳನ್ನು ತಾವೇ ರೀಮಿಕ್ಸ್ ಮಾಡಿ, 'ಟಾರ್ನ್ ಡೌನ್' ಎಂದು ಹೆಸರಿಟ್ಟರು.